ಹಲ್ಲಿಗಿಟ್ಟ ವಿಭೂತಿ

ಕೋಪಿಸಿಕೊಳ್ಳಬೇಕಾದರೆ ಬಾಯಿ ಸ್ವಾಧೀನದಲ್ಲಿರಬೇಕೆಂದು ನನಗೆ ತಿಳಿದದ್ದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಕುಶಾಲನಗರದ ದಂತವೈದ್ಯೆಯ ಕುರ್ಚಿಯ ಮೇಲೆ. ಅಂಗಾತ ಮಲಗಿ ಬಾಯಿ ತೆರೆದವನು ಎಷ್ಟೇ ಶಾಸ್ತ್ರ ಓದಿರಲಿ, ಅವನಿಂದ ಹೊರಡುವುದು 'ಆ' ಎಂಬ ಒಂದೇ ಸ್ವರ. ಆ ಸ್ವರದಲ್ಲೇ ಅಂದು ಅರ್ಧ ಗಂಟೆ ಬೈದಿದ್ದೇನೆ, ಯಾರಿಗೂ ತಿಳಿಯಲಿಲ್ಲ.

ಶನಿವಾರಸಂತೆಯ ನಮ್ಮ ದೇವಾಲಯದಲ್ಲಿ ಸೋಮವಾರದ ರುದ್ರಪಾಠಕ್ಕೆ ಮೂವತ್ತು ವರ್ಷಗಳಿಂದ ನಾನೇ ಮೊದಲಿಗ. ತ, ಥ, ದ, ಧಗಳು ಹುಟ್ಟುವುದು ಹಲ್ಲಿನ ಹಿಂಬದಿಯಲ್ಲಿ ಎಂದು ಗುರುಗಳು ಬೆತ್ತ ಹಿಡಿದು ಕಲಿಸಿದ್ದರು. ಅದೇ ಪವಿತ್ರ ಸ್ಥಳದಲ್ಲಿ, ಮೇಲಿನ ಮುಂಬಲ್ಲಿನ ಹಿಂದೆ, ಕಳೆದ ದೀಪಾವಳಿಯ ಹೊತ್ತಿಗೆ ತೂತು ಬಿತ್ತು. ಹಲ್ಲು ಹೋದರೆ ರುದ್ರದ ಆರಂಭದ 'ನಮಸ್ತೇ' ಎನ್ನುವಲ್ಲಿ ಬರೀ ಗಾಳಿ ಬಂದೀತು. ಪರಮೇಶ್ವರನು ಸಹಿಸಿಕೊಂಡಾನು, ಪಕ್ಕದಲ್ಲಿ ಕೂರುವ ನಿವೃತ್ತ ಮೇಷ್ಟರು ಸಹಿಸಲಾರರು. ನನ್ನ ಮಣೆಯ ಮೇಲೆ ಅವರಿಗೆ ಬಹುದಿನಗಳಿಂದ ಕಣ್ಣು. ಆದ್ದರಿಂದ ದಿನವೂ ಪೂಜೆ ಮುಗಿದೊಡನೆ ಹಣೆಗೆ ಮೂರೆಳೆ ಎಳೆದು, ಉಳಿದ ಚಿಟಿಕೆ ವಿಭೂತಿಯನ್ನು ಭಕ್ತಿಯಿಂದ ಆ ತೂತಿಗೆ ಒತ್ತುತ್ತಿದ್ದೆ. ಹಲ್ಲಿಗೂ ದೀಕ್ಷೆ ಕೊಡುತ್ತಿದ್ದೀರಾ ಎಂದು ನನ್ನ ಹೆಂಡತಿ ಗೌರಮ್ಮ ಕೇಳಿದ್ದಳು. ತಣ್ಣೀರು ತಾಕಿದರೆ ನೆತ್ತಿಯವರೆಗೆ ಝುಮ್ಮೆನ್ನತೊಡಗಿದಾಗ ಅವಳೇ ಬಸ್ಸು ಹತ್ತಿಸಿ ಜೊತೆಗೆ ಬಂದಳು.

ವೈದ್ಯೆ ಮೂರ್ನಾಡಿನ ಕಡೆಯ ಕೊಡವರ ಹೆಣ್ಣುಮಗಳು, ಮೃದುಭಾಷಿಣಿ. ಪುಟ್ಟ ಕನ್ನಡಿ ಹಿಡಿದು ಒಳಗೆ ಇಣುಕಿದಳು.

"ಅಜ್ಜ, ಇದ್ರೊಳಗೆ ಬೂದಿ ಯಾರು ತುಂಬಿದ್ದು?"

ಬೂದಿ! ಮೈಯೆಲ್ಲ ಉರಿಯಿತು. ಅದು ವಿಭೂತಿಯೆಂದು ತಿದ್ದಿದೆ. ಕೇಳಿಸಿದ್ದು 'ಆ' ಮಾತ್ರ. ಗೌರಮ್ಮ ಮೂಲೆಯಿಂದ ಅರ್ಥ ಹೇಳಿದಳು: "ವಿಭೂತಿ ಕಣಮ್ಮ. ಮನೇಲಿ ಹೇಳಿದ್ರೆ ಕೇಳೋರಲ್ಲ ಇವ್ರು."

ವೈದ್ಯೆ ಅದನ್ನು ಕೆರೆದು ತೆಗೆದು ಕಸದ ಡಬ್ಬಿಯತ್ತ ಕೈ ಚಾಚಿದಾಗ ಅವಳ ತೋಳನ್ನೇ ಹಿಡಿದೆ. ಅವಳು ಅದನ್ನು ಹತ್ತಿಯಲ್ಲಿ ಸುತ್ತಿ ನನ್ನ ಅಂಗೈಯಲ್ಲಿಟ್ಟಳು. ಬಳಿಕ ಸಮಾಧಾನದಿಂದ ವಿವರಿಸಿದಳು: ಆ ಪುಡಿಯ ಅಡಿಯಲ್ಲಿ ಅನ್ನದಗುಳು ಸಿಕ್ಕಿಕೊಂಡು ಕ್ರಿಮಿಗಳು ಬೆಳೆದಿವೆ; ಕೊರೆಯುವ ಯಂತ್ರ ಬೇಡ, ಲೇಸರ್ ಬೆಳಕು ಹಾಯಿಸಿ ಹುಳುಕನ್ನೂ ಕ್ರಿಮಿಯನ್ನೂ ತೆಗೆದು ತೂತು ಮುಚ್ಚಿದರೆ ಹಲ್ಲು ಉಳಿಯುತ್ತದೆ. ಹಲ್ಲು ಉಳಿಯುವ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ವಿಭೂತಿಯ ಆಶ್ರಯದಲ್ಲಿ ಕ್ರಿಮಿ ಬೆಳೆಯಿತೆಂದರೆ ಯಾರು ಸಹಿಸಿಯಾರು? ಅಷ್ಟರಲ್ಲಿ ಕಣ್ಣಿನ ರಕ್ಷಣೆಗೆಂದು ದಪ್ಪ ಕನ್ನಡಕ ತೊಡಿಸಿದರು. ಅದರ ಪಟ್ಟಿ ಹಣೆಯ ಮೂರೆಳೆಗಳನ್ನು ಒಂದು ಮಾಡಿತು. ಆಗಲೂ 'ಆ' ಎಂದೆ.

ಒಗ್ಗರಣೆಯ ಸಾಸಿವೆಯಂತೆ ಟಪ್ ಟಪ್ ಸದ್ದು, ತೆಳುವಾದ ನೀರ ಹನಿ. ಕಾಮನನ್ನು ಸುಟ್ಟ ಹಣೆಗಣ್ಣಿನ ಕಥೆಯನ್ನು ಊರಿಗೆಲ್ಲ ಹೇಳಿದವನ ಬಾಯೊಳಗೇ ಬೆಳಕು ಕೆಲಸ ಮಾಡುತ್ತಿತ್ತು. ನಾನು ಮುಷ್ಟಿ ಬಿಗಿಹಿಡಿದು ನೋವಿಗಾಗಿ ಕಾದೆ. ನೊಂದರೆ ಎದ್ದೊಡನೆ ಏನೇನು ಹೇಳಬೇಕೆಂದು ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದೆ. ನೋವು ಬರಲೇ ಇಲ್ಲ. ಆ ದಿನದ ಅತಿ ದೊಡ್ಡ ಅನ್ಯಾಯ ಅದೇ.

ಸೋಮವಾರ 'ನಮಸ್ತೇ' ಗಂಟೆಯಂತೆ ಮೊಳಗಿತು. ಮೇಷ್ಟರ ಮುಖ ಸಣ್ಣದಾಯಿತು. ಹತ್ತಿಯ ಉಂಡೆ ಮಾತ್ರ ದೇವರ ಗೂಡಿನಲ್ಲೇ ಇದೆ. ನಿನ್ನೆ ಗೂಡು ಒರೆಸುತ್ತಿದ್ದ ಗೌರಮ್ಮ ಕೈ ನಿಲ್ಲಿಸಿ ಕೇಳಿದಳು: "ಏನ್ರೀ, ಇದ್ರಲ್ಲಿರೋದು ವಿಭೂತಿಯೋ, ಹುಳುಕೋ? ಕೈ ಮುಗೀಲೋ, ಬಿಸಾಕ್ಲೋ?"

ಹಲ್ಲು ಭದ್ರವಾಗಿತ್ತು, ಬಾಯಿ ನನ್ನ ಸ್ವಾಧೀನದಲ್ಲೇ ಇತ್ತು, ಕೋಪವೂ ಕಡಿಮೆಯಿರಲಿಲ್ಲ. ಉತ್ತರಿಸಲು ಬಾಯಿ ತೆರೆದೆ.

'ಆ' ಎಂದಷ್ಟೇ ಬಂತು.