ಗಂಜಿ ಕುಡಿದ ಘೋಷಣೆ

ಬೆಳಗಾಗುವ ಮೊದಲು ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು, ಹಾಲು ಕಾಯಿಸಬೇಕು, ಅನ್ನ ಬಸಿದು ಗಂಜಿ ತೆಗೆದಿಡಬೇಕು, ಪ್ರಿಂಟರಿನ ಬಿಳಿ ಇಂಕನ್ನು ಕೂಸು ತೂಗಿದಂತೆ ಕುಲುಕಬೇಕು, ಇಂಕು ಚಿಮ್ಮುವ ಅದರ ಮೂಗು ಕಟ್ಟಿದೆಯೇ ನೋಡಬೇಕು, ಯಜಮಾನರ ಶರ್ಟಿಗೆ ಗಂಜಿ ಹೊಡೆದು ಇಸ್ತ್ರಿ ಮಾಡಬೇಕು. ಮನೆಯನ್ನೂ ಉದ್ಯಮವನ್ನೂ ಒಬ್ಬಳೇ ತೂಗಿಸುತ್ತೇನೆ, ಯಾರ ನೆರವೂ ಬೇಡ ಎಂದು ಹೊಸಕೋಟೆಯ ನಮ್ಮ ಇಡೀ ಬೀದಿಗೆ ಸಾರಿದವಳು ನಾನು!

ಉದ್ಯಮವೆಂದರೆ ನಡುಮನೆಯಲ್ಲಿ ಮೆರೆಯುವ ಬಟ್ಟೆ ಪ್ರಿಂಟರು. ಟೀ ಶರ್ಟನ್ನು ಹಲಗೆಯ ಮೇಲೆ ಹರಡಿ ಗುಂಡಿ ಒತ್ತಿದರೆ ಕಾಗದದ ಮೇಲೆ ಬಂದಂತೆಯೇ ಅಚ್ಚು ಬರುತ್ತದೆ. ಗಾಢ ಬಣ್ಣದ ಬಟ್ಟೆಗೆ ಮಾತ್ರ ಮೊದಲು ಹುಳಿ ವಾಸನೆಯ ಒಂದು ದ್ರಾವಣ ಸಿಂಪಡಿಸಬೇಕು. ಇಲ್ಲದಿದ್ದರೆ ಇಂಕು ನಿಲ್ಲುವುದಿಲ್ಲ.

ಪಿಲ್ಲಗುಂಪೆಯ ಕಾರ್ಖಾನೆಯೊಂದರ ಹೆಂಗಸರು ಮಹಿಳಾ ದಿನದ ಮೆರವಣಿಗೆಗೆ ಟೀ ಶರ್ಟು ಬೇಕೆಂದು ಬಂದರು. ಮುಂದಾಳು ಬೈರಮ್ಮ. ಅದುವರೆಗೆ ಹುಟ್ಟುಹಬ್ಬದ ಮಕ್ಕಳ ಮುಖಗಳನ್ನೇ ಅಚ್ಚು ಹಾಕಿಕೊಂಡಿದ್ದ ನನಗೆ ಅದು ಮೊದಲ ದೊಡ್ಡ ಆರ್ಡರು. ಗೆದ್ದರೆ ಅಲ್ಲಿಯ ಕಾರ್ಖಾನೆಗಳೆಲ್ಲ ನನ್ನವು, ಸೋತರೆ ಮತ್ತೆ ಹುಟ್ಟುಹಬ್ಬ. ‘ಮನೆಗೆಲಸ ಎಲ್ಲರ ಕೆಲಸ’ ಎಂಬ ಘೋಷಣೆಯನ್ನೂ ನಾನೇ ಬರೆದುಕೊಟ್ಟೆ. ಜೊತೆಗೆ ಯಾರೂ ಕೇಳದ ಒಂದು ಭಾಷಣ. ಗಂಡನ ಬಟ್ಟೆಯನ್ನು ಗಂಡನೇ ನೋಡಿಕೊಳ್ಳಲಿ ಎಂದು ಅವರಿಗೆ ಬುದ್ಧಿ ಹೇಳಿದೆ.

ಮೆರವಣಿಗೆಯ ಹಿಂದಿನ ದಿನ ನಸುಕಿನಲ್ಲೇ ನೇರಳೆ ಟೀ ಶರ್ಟುಗಳ ರಾಶಿಗೆ ದ್ರಾವಣ ಹೊಡೆದೆ. ಅದೇ ಮೇಜಿನ ಮೇಲೆ ಯಜಮಾನರ ನೀಲಿ ಶರ್ಟಿಗೆ ಗಂಜಿ ಹೊಡೆದೆ. ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಮಾರನೆಯ ದಿನ ಅವರಿಗೆ ದೊಡ್ಡ ಸಾಹೇಬರ ಮೀಟಿಂಗು. ಎರಡೂ ಒಂದೇ ಬಗೆಯ ಸ್ಪ್ರೇ ಬಾಟಲಿ. ಹೊಡೆಯಲು ಕೈಹಾಕುವ ಮೊದಲೇ ಒಲೆಯ ಮೇಲೆ ಹಾಲು ಉಕ್ಕಿತ್ತು, ಬಾಟಲಿಗಳನ್ನು ಅಲ್ಲೇ ಬಿಟ್ಟು ಓಡಿಹೋಗಿ ಇಳಿಸಿ ಬಂದಿದ್ದೆ. ಜಾಣ ಓದುಗರು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತೀರಿ. ನಾನು ಮಾತ್ರ ಸಂಜೆಯವರೆಗೆ ಅಚ್ಚು ಹಾಕಿ, ಬಿಳಿ ಅಕ್ಷರಗಳ ಹೊಳಪು ನೋಡಿ ಬೀಗಿದೆ.

ಮರುದಿನ ಬಿಸಿಲಿಗೆ ಹೆಂಗಸರು ಬೆವರಿದರು. ಬೆವರಿಗೆ ಗಂಜಿ ಕರಗಿತು, ಗಂಜಿಯ ಜೊತೆ ಅಕ್ಷರಗಳೂ ಹೊರಟವು. ಚೀಲದ ಪಟ್ಟಿ ಉಜ್ಜುವ ಜಾಗದಲ್ಲಿದ್ದ ‘ಎಲ್ಲರ’ ಎಂಬುದೇ ಮೊದಲು ಮಾಯ! ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಮನೆಗೆಲಸವೊಂದೇ ಉಳಿದಿತ್ತು. ಒಂದು ಹೋತ ಬೆನ್ನುಹತ್ತಿ ಸಿಕ್ಕವರ ಅಂಗಿಯ ತುದಿ ನೆಕ್ಕುತ್ತಿತ್ತು. ಅಂದಿನ ಮೆರವಣಿಗೆಗೆ ಸೇರಿದ ಏಕೈಕ ಗಂಡು ಅದು.

ನಿಲ್ದಾಣದಲ್ಲಿ ಹಾರ ಹಿಡಿದು ನಿಂತಿದ್ದ ನಾನು ಹಾರ ಬಿಟ್ಟು ಒಬ್ಬೊಬ್ಬರ ಎದೆ ಒರೆಸತೊಡಗಿದೆ. ಇಂಕ್ ಕಂಪನಿಯವರು ಮೋಸ ಮಾಡಿದರೆಂದು ಲೊಚಗುಟ್ಟಿದೆ. ಬೈರಮ್ಮ ನಂಬಿಯೂ ಬಿಟ್ಟಿದ್ದರು. ಆಗ ನನ್ನ ಫೋನು ಬಡಿದುಕೊಂಡಿತು. ಕೈಯೆಲ್ಲ ಬಿಳಿ ಅಂಟು. ಪಾಪ, ಬೈರಮ್ಮನೇ ಸ್ಪೀಕರಿಗೆ ಹಾಕಿ ಹಿಡಿದರು.

“ಲೇ ಅನಸೂಯ, ನಿನ್ನೆ ನನ್ ಶರ್ಟಿಗೆ ಗಂಜಿ ಹೊಡ್ದೋ ಇನ್ನೇನ್ ಹೊಡ್ದೋ? ಉಪ್ಪಿನಕಾಯಿ ಜಾಡಿ ವಾಸ್ನೆ ಬರ್ತೈತೆ. ಸಾಹೇಬ್ರು ಕಿಟಕಿ ತೆಗ್ಸಿದ್ರು.”

ಬೈರಮ್ಮ ತಮ್ಮ ಎದೆಯ ಮೇಲಿನ ಅಂಟನ್ನು ಬೆರಳಿಗೆ ತೆಗೆದುಕೊಂಡು ಮೂಸಿದರು.

“ಅಕ್ಕಾ, ಗಂಡನ ಬಟ್ಟೆ ಗಂಡನೇ ನೋಡ್ಕೊಳ್ಲಿ ಅಂದಿದ್ದು ನಮ್ಗ್ ಮಾತ್ರಾನಾ?”

ಭೂಮಿ ಬಾಯಿಬಿಡಲಿಲ್ಲ. ಅದು ಸೀತಮ್ಮನಂಥವರಿಗೆ. ನನ್ನೆದುರು ಬಾಯಿಬಿಟ್ಟದ್ದು ಹೋತ. ಇಂಕ್ ಕಂಪನಿಯದು ತಪ್ಪಿಲ್ಲ, ಗಂಜಿ ನನ್ನದೇ ಎಂದು ತಲೆ ತಗ್ಗಿಸಿ ಒಪ್ಪಿಕೊಂಡೆ. ಹೆಂಗಸರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಅವರು ನಕ್ಕರು.

“ಹೊಸದಾಗಿ ಮಾಡ್ಕೊಡಿ, ಬೇರೆ ಕಡೆ ಹೋಗಲ್ಲ,” ಎಂದರು ಬೈರಮ್ಮ. “ಆದ್ರೆ ಮೊದ್ಲು ಒಂದು ನಿಮ್ಮನೇಲಿ ನಿಮ್ ಯಜಮಾನ್ರಿಗೆ ಹಾಕ್ಸಿ ತೋರ್ಸಿ.”

ಸಂಜೆ ಯಜಮಾನರು ಬಂದವರೇ ಶರ್ಟು ಬಿಚ್ಚಿ ಮೇಜಿನ ಮೇಲೆ ಎಸೆದು, ನಾಳೆಗೆ ಬೇರೆಯದು ಇಸ್ತ್ರಿ ಮಾಡಿಡು ಎಂದು ಬಚ್ಚಲಿಗೆ ಹೋದರು. ನಾನೊಬ್ಬಳೇ ಆ ಶರ್ಟನ್ನು ನೋಡುತ್ತ ನಿಂತೆ. ಇಡೀ ಹೊಸಕೋಟೆಯಲ್ಲಿ ದ್ರಾವಣ ಸರಿಯಾಗಿ ಕುಡಿದಿದ್ದ ಬಟ್ಟೆ ಅದೊಂದೇ! ಬೆನ್ನು ಮೇಲಾಗಿ ಹಲಗೆಯ ಮೇಲೆ ಹರಡಿದೆ. ಬಚ್ಚಲಲ್ಲಿ ಚೊಂಬಿನ ಸದ್ದು ನಿಲ್ಲುವ ಮೊದಲೇ ಗುಂಡಿ ಒತ್ತಿದೆ. ‘ಮನೆಗೆಲಸ ಎಲ್ಲರ ಕೆಲಸ’ ಒಂದಕ್ಷರವೂ ಮುಕ್ಕಾಗದೆ ಅಚ್ಚಾಯಿತು.

ಆದರೆ ಬಣ್ಣ ನಿಲ್ಲಬೇಕಾದರೆ ಮೇಲೆ ಶಾಖ ಕೊಟ್ಟು ಒತ್ತಬೇಕಲ್ಲ. ಹೀಗಾಗಿ ಅಂದೂ ಅವರ ಶರ್ಟಿಗೆ ಇಸ್ತ್ರಿ ಮಾಡಿದವಳು ನಾನೇ.