ಕಟ್ಟಾಗದ ಫೋನು

“ಈ ಫೋನಿನ ಹಣೆಬರಹವನ್ನು ಇವತ್ತು ನನ್ನ ಕೈಯಾರೆ ತಿದ್ದದೆ ಹೋದರೆ, ನನ್ನ ಹೆಸರು ಬದಲಾಯಿಸಿ ಕರೀರಿ!” ಎಂದು ಕನ್ನಡಕದಂಗಡಿಯ ಯಜಮಾನರು ಆ ಭಾನುವಾರ ಅಡುಗೆಮನೆಯಲ್ಲಿ ನಿಂತು ಘೋಷಿಸಿದರು. ಸಭೆಯಲ್ಲಿ ಹಾಜರಿದ್ದದ್ದು ಫ್ರಿಜ್ಜು ಮಾತ್ರ. ಅದು ಗುಂಯ್ ಎಂದಿತು. ಯಜಮಾನರು ಅದನ್ನೇ ಚಪ್ಪಾಳೆ ಎಂದುಕೊಂಡರು, ಪಾಪ!

ಇನ್ಯಾರಿದ್ದರು ಹೇಳಿ, ಚಪ್ಪಾಳೆ ತಟ್ಟಲು? ಹೆಂಡತಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಆಕೆಯನ್ನು ದೂರದ ಊರಿನ ಆಸ್ಪತ್ರೆಗೆ ವರ್ಗ ಮಾಡಿ ತಿಂಗಳುಗಳೇ ಆಗಿದ್ದವು. ಅಂದಿನಿಂದ ಯಜಮಾನರಿಗೆ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸ ಹತ್ತಿತ್ತು, ಮನೆಯಲ್ಲಿ ಯಾರದೋ ಒಂದು ದನಿ ಇರಲಿ ಎಂದು. ಅಂಗಡಿಯಲ್ಲಂತೂ ಗಿರಾಕಿಗಳಿಗೆ ಬೇಕಿರಲಿ ಬಿಡಲಿ, ಗೋಡೆಯ ಮೇಲಿನ ಅಕ್ಷರದ ಫಲಕವನ್ನು ಮೇಲಿನಿಂದ ಕೆಳತನಕ ಓದಿಸಿ, “ಇನ್ನೊಂದ್ಸಲ ಓದಿಬಿಡಿ” ಎನ್ನುತ್ತಿದ್ದರು. ಅಷ್ಟು ಹೊತ್ತಾದರೂ ಎದುರಿಗೊಂದು ಜೀವ ಕೂತಿರುತ್ತದಲ್ಲ!

ಇಡೀ ದಿನ ಅವರು ಕಾಯುತ್ತಿದ್ದದ್ದು ಸಂಜೆಯ ಒಂದು ಫೋನಿಗಾಗಿ. ಡ್ಯೂಟಿ ಮುಗಿಸಿ ರೂಮಿಗೆ ಬಂದ ಕೂಡಲೇ ಹೆಂಡತಿ ಫೋನು ಮಾಡುತ್ತಿದ್ದಳು. “ಊಟ ಆಯ್ತಾ?” “ಆಯ್ತು. ನಿಂದು?” “ಆಯ್ತು. ಮತ್ತೆ?” “ಮತ್ತೆ ನೀನೇ ಹೇಳು.” ಅಷ್ಟರಲ್ಲಿ ಫೋನು ಗೊಟಕ್! ಹಳೇ ಫೋನು, ಬ್ಯಾಟರಿ ನಿಲ್ಲುತ್ತಿರಲಿಲ್ಲ. ತಮ್ಮೊಳಗೆ ಮಾತಿನ ಸಮುದ್ರವೇ ಇದೆ, ಈ ಶನಿ ಅದಕ್ಕೆ ಅಡ್ಡಗಟ್ಟೆ ಹಾಕಿ ಕೂತಿದೆ ಎಂಬುದರಲ್ಲಿ ಯಜಮಾನರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

“ಹೊಸದೊಂದು ತಗೊಳ್ರೀ,” ಎಂದಿದ್ದಳು ಹೆಂಡತಿ ಹಿಂದಿನ ಸಂಜೆ.

“ಹೊಸದ್ಯಾಕೆ? ಇದರ ದೇಹ ಗಟ್ಟಿಮುಟ್ಟಾಗಿದೆ ಕಣೇ, ಬುದ್ಧಿ ಕೆಟ್ಟಿದೆ ಅಷ್ಟೆ. ಕರ್ನಲ್ ಬದಲಾಯಿಸಿದ್ರೆ ಸರಿಹೋಗುತ್ತೆ.”

“ಕರ್ನಲ್ಲಾ? ಮಿಲಿಟ್ರಿಯೋರಿಗೂ ನಿಮ್ಮ ಫೋನಿಗೂ ಏನ್ರೀ ಸಂಬಂಧ?”

“ಆ ಕರ್ನಲ್ ಅಲ್ವೇ! ಫೋನಿನ ಯಂತ್ರಕ್ಕೂ ಅದರ ಮೇಲೆ ಕುಣಿಯೋ ಆ್ಯಪ್‌ಗಳಿಗೂ ಮಧ್ಯೆ ಒಬ್ಬ ಮೇಸ್ತ್ರಿ ಇರ್ತಾನೆ. ನಮ್ಮ ಫೋನಿನ ಮೇಸ್ತ್ರಿ ದುಂದುಗಾರ. ಕೇಳಿದೋರಿಗೆಲ್ಲ ಕರೆಂಟ್ ಹಂಚ್ತಾನೆ. ಅವನನ್ನ ಓಡಿಸಿ, ಜಿಪುಣ ಮೇಸ್ತ್ರಿ ಒಬ್ಬನನ್ನ ಕೂರಿಸ್ತೀನಿ.”

“ರೀ, ಕೈಮುಗಿದು ಕೇಳ್ಕೋತೀನಿ, ಅದರ ತಂಟೆಗೆ ಮಾತ್ರ...”

ಫೋನು ಗೊಟಕ್. ಅಲ್ಲಿಗೆ ಅದು ತನ್ನ ಮರಣದಂಡನೆಗೆ ತಾನೇ ಸಹಿ ಹಾಕಿಕೊಂಡಿತು.

ಹಾಗೆಂದು ಯಜಮಾನರು ಕಣ್ಣುಮುಚ್ಚಿ ಹಳ್ಳಕ್ಕೆ ಹಾರುವ ಪೈಕಿ ಅಲ್ಲ. ಇಂಟರ್ನೆಟ್ಟಿನ ಪಂಡಿತರು ಹೇಳಿದ್ದನ್ನೆಲ್ಲ ವಾರದಿಂದ ಕಲಿತು ಅರೆದು ಕುಡಿದಿದ್ದರು. ಫೋನಿನ ಮಾದರಿಗೂ ಅದರಲ್ಲಿರುವ ಆಂಡ್ರಾಯ್ಡ್ ಆವೃತ್ತಿಗೂ ಸರಿಯಾಗಿ ಹೊಂದುವ ಕರ್ನಲ್ಲನ್ನೇ ಹಾಕಬೇಕು. ಚಾರ್ಜು ತುಂಬಿರಬೇಕು. ಕೇಬಲ್ಲು ಅಲುಗಾಡಬಾರದು. ಎಡವಟ್ಟಾದರೆ ವಾಪಸು ಹಾಕಲು, ಕಂಪನಿಯವರೇ ತುಂಬಿಸಿಕೊಟ್ಟ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಕಂಪ್ಯೂಟರಿನಲ್ಲಿ ಸಿದ್ಧವಿರಬೇಕು. ಎಲ್ಲಕ್ಕಿಂತ ಮೊದಲು, ಫೋನಿನಲ್ಲಿರುವುದಕ್ಕೆಲ್ಲ ಬ್ಯಾಕಪ್ ತೆಗೆದಿಡಬೇಕು.

ತೆಗೆದರು. ಒಂದು ಫೋಟೋ ಬಿಡದೆ, ಒಂದು ನಂಬರು ಬಿಡದೆ, ಬಹಳ ಶ್ರದ್ಧೆಯಿಂದ ತೆಗೆದರು. ತೆಗೆದು ಎಲ್ಲಿಟ್ಟರು? ಅದೇ ಫೋನಿನೊಳಗೆ! “ಇದಕ್ಕಿಂತ ಭದ್ರವಾದ ಜಾಗ ಯಾವುದಿದೆ? ಸದಾ ಜೇಬಲ್ಲೇ ಇರುತ್ತೆ!” ಎಂದರು ಫ್ರಿಜ್ಜಿಗೆ. ನಗಬೇಡಿ. ಮನೆಯ ಎರಡು ಬೀಗದಕೈಗಳನ್ನೂ ಒಂದೇ ರಿಂಗಿಗೆ ಪೋಣಿಸಿಕೊಂಡು ತಿರುಗುವ ಆಸಾಮಿ ಇವರು. “ಕಳೆದುಹೋದ್ರೆ?” ಎಂದು ಹೆಂಡತಿ ಕೇಳಿದ್ದಕ್ಕೆ, “ಒಂದು ಕಳೆದ್ರೆ ಇನ್ನೊಂದಿದೆಯಲ್ಲ!” ಎಂದಿದ್ದರು.

ಈಗ ಬೂಟ್‌ಲೋಡರ್ ಎಂಬ ಬೀಗವನ್ನು ತೆರೆಯಬೇಕು. ಕಂಡಕಂಡವರು ಒಳಗೆ ಕೈಹಾಕದಿರಲಿ ಎಂದು ಕಂಪನಿಯವರೇ ಜಡಿದ ಬೀಗ ಅದು. ‘ಬೀಗ ತೆರೆದರೆ ಫೋನಿನೊಳಗಿನ ಸಮಸ್ತವೂ ಅಳಿಸಿಹೋಗುತ್ತದೆ, ಒಪ್ಪಿಗೆಯೇ?’ ಎಂದು ಪರದೆ ವಿನಯದಿಂದ ಕೇಳಿತು.

“ಅಳಿಸ್ಕೋ ಅಳಿಸ್ಕೋ! ಹೆದರೋರು ಯಾರು? ಬ್ಯಾಕಪ್ ಇದೆ!” ಎಂದು ಯಜಮಾನರು ಬಟನ್ ಒತ್ತಿಯೇ ಬಿಟ್ಟರು.

ಫೋನು ಎಣ್ಣೆಸ್ನಾನ ಮಾಡಿದ ಕೂಸಿನಂತೆ ಎದ್ದು ಬಂದು, ‘ನಿಮ್ಮ ಭಾಷೆ ಯಾವುದು?’ ಎಂದು ಕೇಳಿತು. ವರ್ಷಾನುಗಟ್ಟಲೆ ಜೇಬಿನಲ್ಲಿಟ್ಟು ಸಾಕಿದವರನ್ನು ಕೇಳುವ ಪ್ರಶ್ನೆಯೇ ಇದು? ಯಜಮಾನರು ನಗುತ್ತಲೇ ಬ್ಯಾಕಪ್ ಹುಡುಕಲು ಹೊರಟರು. ಹುಡುಕಿದರು. ಮತ್ತೆ ಹುಡುಕಿದರು. ಆಮೇಲೆ, ಅದು ಎಲ್ಲಿತ್ತು ಎಂಬುದು ನಿಧಾನವಾಗಿ ತಲೆಗೆ ಹೊಳೆಯಿತು. ಕುರ್ಚಿಯಲ್ಲಿ ಕುಸಿದು ಕೂತರು. ಟೀ ಆರಿ ಕೆನೆ ಕಟ್ಟಿತು.

ಬುದ್ಧಿವಂತನಾದವನು ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದ. ಆದರೆ ಹೋದ ಮಾನವನ್ನು ಬಡ್ಡಿ ಸಮೇತ ವಸೂಲಿ ಮಾಡಬೇಡವೇ? “ಕರ್ನಲ್ ಹಾಕೇ ಏಳೋದು!” ಎಂದು ಕಂಪ್ಯೂಟರಿನ ಮುಂದೆ ಮತ್ತೆ ಕೂತರು. ಪರದೆಯ ಮೇಲೆ ಎರಡು ಕರ್ನಲ್ ಫೈಲುಗಳು ಅಕ್ಕಪಕ್ಕ ಇದ್ದವು. ಒಂದು ಅವರ ಫೋನಿನ ಆವೃತ್ತಿಗೆ ಹೊಂದುವಂಥದ್ದು, ಇನ್ನೊಂದು ಹೊಸ ಆವೃತ್ತಿಯದು. ತಲೆ ಕೆಟ್ಟಿದ್ದ ಹೊತ್ತಿನಲ್ಲಿ ಕೈ ಯಾವುದರ ಮೇಲೆ ಹೋಯಿತು ಎಂದು ನಾನು ಹೇಳಬೇಕೇ?

ಕಂಪನಿಯ ಚಿಹ್ನೆ ಬಂತು. ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಹೊಸಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವ ನೆಂಟನ ಹಾಗೆ ಫೋನು ಅಲ್ಲಿಂದ ಮುಂದಕ್ಕೆ ಬರಲೊಲ್ಲದು. ಯಜಮಾನರು ಅಲುಗಿಸಿದರು, ಬೆನ್ನು ತಟ್ಟಿದರು, “ಬಾರಪ್ಪ, ತಪ್ಪಾಯ್ತು” ಎಂದು ಗೋಗರೆದರು. ಊಹೂಂ! ಇಳಿಸಿಟ್ಟುಕೊಂಡಿದ್ದ ಮೂಲ ಫರ್ಮ್‌ವೇರ್ ಹಾಕೋಣವೆಂದರೆ ಇನ್ನೊಂದು ಬಟನ್ ಒತ್ತುವ ಧೈರ್ಯವಿಲ್ಲ, ಬೇರೆ ಉಪಾಯ ಹುಡುಕೋಣವೆಂದರೆ ಇಂಟರ್ನೆಟ್ಟೂ ಇಲ್ಲ. ಕಂಪ್ಯೂಟರಿಗೆ ಇಂಟರ್ನೆಟ್ ಬರುತ್ತಿದ್ದದ್ದೇ ಈ ಫೋನಿನಿಂದ!

ಸಂಜೆಯಾಯಿತು. ಹೆಂಡತಿಯ ಫೋನು ಬರುವ ಹೊತ್ತು. ಯಾರ ಫೋನಿನಿಂದಾದರೂ ತಾವೇ ಮಾಡೋಣ ಎಂದು ಚಪ್ಪಲಿ ಮೆಟ್ಟಿದ ಯಜಮಾನರು ಬಾಗಿಲಲ್ಲೇ ನಿಂತರು. ಆಕೆಯ ನಂಬರು? ಅದನ್ನು ಅವರು ಎಂದಾದರೂ ಒತ್ತಿದ್ದರೆ ತಾನೇ! ಆಕೆಯ ಫೋಟೋ ಮುಟ್ಟಿದರೆ ಸಾಕಿತ್ತು, ಫೋನೇ ಹೋಗುತ್ತಿತ್ತು. ಊರಿನ ಅರ್ಧ ಜನರ ಎಡಗಣ್ಣು ಬಲಗಣ್ಣಿನ ಪವರ್ರು ಬಾಯಿಗೆ ಬರುತ್ತದೆ, ಕಟ್ಟಿಕೊಂಡ ಹೆಂಡತಿಯ ನಂಬರು ಬರುವುದಿಲ್ಲ. ಈಗ ಆಕೆ ಅಲ್ಲಿ ಮತ್ತೆ ಮತ್ತೆ ಒತ್ತುತ್ತಿರುತ್ತಾಳೆ! ಇಡೀ ದಿನದಲ್ಲಿ ತಮ್ಮದೆಂದು ಇದ್ದದ್ದು ಅದೊಂದೇ ಗಳಿಗೆ, ಅದನ್ನೂ ತಮ್ಮ ಕೈಯಾರೆ ಕಳೆದುಕೊಂಡಿದ್ದರು.

ಆಗ ಬಾಗಿಲು ಧಡಧಡ ಎಂದಿತು. ತೆರೆದರೆ ಕೆಳಗಿನ ಮನೆಯ ಆಂಟಿ! ಶಾಲೆಯಲ್ಲಿ ಡ್ರಿಲ್ ಟೀಚರಾಗಿ ನಿವೃತ್ತರಾದವರು, ಒಂಟಿ ಜೀವ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಾಗಿಲು ಒಡೆಯಲೆಂದು ತಂದ ಕೊಡೆ.

“ಬದುಕಿದೀರಾ?” ಎಂದು ಗದರಿದರು ಆಂಟಿ.

“ಇದ್ದೀನಿ.”

ಆಂಟಿ ಫೋನಿಗೆ ವರದಿ ಕೊಟ್ಟರು: “ಬದುಕಿದಾರಮ್ಮ. ಮುಖ ನೋಡಿದ್ರೆ ಮಾತ್ರ ಅಷ್ಟು ನಂಬಿಕೆ ಬರ್ತಿಲ್ಲ.”

ಸ್ಪೀಕರಿನಿಂದ ಹೆಂಡತಿಯ ದನಿ ಸಿಡಿಯಿತು. “ರೀ! ಎಷ್ಟು ಸಲ ಮಾಡ್ಲಿ? ಸ್ವಿಚ್ ಆಫ್, ಸ್ವಿಚ್ ಆಫ್! ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೇನೋ, ಒಂದು ಲೋಟ ನೀರು ಕೊಡೋರೂ ಇಲ್ಲ ಅಂತ ಇಲ್ಲಿ ನನ್ನ ಜೀವ ಹೋಗ್ತಿದೆ!”

“ಅಳ್ತಿದ್ದೀಯೇನೇ?”

“ಇಲ್ಲ! ಬೈತಿದ್ದೀನಿ!” ಎಂದು ಆಕೆ ಮೂಗೊರೆಸಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. “ಆಂಟಿ ಹತ್ರ ಹೋಗಿ ನನ್ನ ನಂಬರ್ ಕೇಳೋಕೆ ಏನಾಗಿತ್ತು ನಿಮಗೆ?”

“ನಾಚಿಕೆ ಆಯ್ತು ಕಣೇ. ಹೆಂಡತಿ ನಂಬರೇ ಗೊತ್ತಿಲ್ಲ ಅಂತ ಆಂಟಿಗೆ ಹೇಗೆ ಹೇಳೋದು?”

“ಈಗ ಹೇಳಿದ್ರಲ್ಲ,” ಎಂದರು ಆಂಟಿ.

“ಹೋಗ್ಲಿ, ಸಿಮ್ ತೆಗೆದು ಅವರ ಫೋನಿಗೆ ಹಾಕೋಕೆ?”

“ಹೊಳೀಲಿಲ್ಲ.”

ನಡೆದದ್ದನ್ನೆಲ್ಲ ಯಜಮಾನರು ಒಪ್ಪಿಸಿದರು. ಬ್ಯಾಕಪ್ಪಿನ ಪ್ರಸಂಗ ಬಂದಾಗ ಆ ಕಡೆಯಿಂದ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ. “ಫೋಟೋಗಳೆಲ್ಲ ನನ್ನ ಹತ್ರಾನೂ ಇವೆ, ಬಿಡಿ,” ಎಂದಳು ಹೆಂಡತಿ. ಆಮೇಲೆ ಒಮ್ಮೆಲೇ ಥಿಯೇಟರಿನ ನರ್ಸಿನ ದನಿಗೆ ತಿರುಗಿದಳು. “ಪೇಷಂಟ್ ಸ್ಥಿತಿ ಏನು?”

“ಚಿಹ್ನೆ ಬರುತ್ತೆ, ಹೋಗುತ್ತೆ.”

“ಹಾಗಾದ್ರೆ ಜೀವ ಇದೆ. ಹೇಗೆ ಸರಿಮಾಡೋದು ಅಂತ ಬರೆದಿರೋ ಪುಟ ತೆರೆದಿದೆಯಾ? ಮುಚ್ಚಬೇಡಿ. ಒಂದೊಂದೇ ಸಾಲು ಜೋರಾಗಿ ಓದಿ. ನಾನು ಹೂಂ ಅನ್ನೋ ತನಕ ಕೈಗಳು ಮೇಲೆ! ಆಂಟಿ, ನೋಡ್ಕೊಳ್ಳಿ.”

“ಕೈ ಮೇಲೆ!” ಎಂದು ಆಂಟಿ ಹಳೆಯ ಗತ್ತಿನಲ್ಲಿ ಕೂಗಿದರು. ಯಜಮಾನರು ಎತ್ತಿಯೇ ಬಿಟ್ಟರು.

ಮೊದಲು ಚಾರ್ಜು. “ಬೆಳಿಗ್ಗೆನೇ ತುಂಬಿಸಿದ್ದೆ,” ಎಂದರು ಯಜಮಾನರು. “ದಿನವಿಡೀ ಬಡ್ಕೊಂಡಿದೆ ಪಾಪ, ಎಷ್ಟು ಉಳಿದಿರುತ್ತೆ? ಆಫ್ ಮಾಡಿ, ಮತ್ತೆ ಹಾಕಿ, ಕಾಯಿರಿ,” ಎಂದಳು ಹೆಂಡತಿ. ಕಾದರು. ಕಾಯುವಾಗ ಸುಮ್ಮನೆ ಕೂರಲಾದೀತೇ? ಮಾತು ಬಂತು. ಅಲ್ಲಿನ ಸರ್ಜನ್ ಹೊಟ್ಟೆ ಕೊಯ್ಯುವಾಗ ಹಾಡು ಗುನುಗುತ್ತಾನಂತೆ, ತಪ್ಪು ರಾಗದಲ್ಲಿ. ಆಕೆಯ ರೂಮಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆಯಂತೆ. ಊಟವನ್ನು ನಿಂತೇ ಮಾಡುತ್ತಾಳಂತೆ, ಒಬ್ಬಳೇ ಕೂತರೆ ತುತ್ತು ಇಳಿಯುವುದಿಲ್ಲವಂತೆ. ಇದೆಲ್ಲ ಯಜಮಾನರಿಗೆ ಗೊತ್ತೇ ಇರಲಿಲ್ಲ. ಅವರೂ ತಡೆಯಲಾರದೆ, ದಿನಪತ್ರಿಕೆಯನ್ನು ಗೋಡೆಗೆ ಓದಿ ಹೇಳುವ ಗುಟ್ಟನ್ನು ಬಿಚ್ಚಿಟ್ಟರು.

“ನಾನು ಕನ್ನಡಿ ಜೊತೆ ಮಾತಾಡ್ತೀನಿ,” ಎಂದಳು ಹೆಂಡತಿ ಮೆಲ್ಲಗೆ.

“ನಾನು ಟೀವಿಯಲ್ಲಿ ನ್ಯೂಸ್ ಓದೋ ಹುಡುಗಿಗೆ ದಿನಾ ನಮಸ್ಕಾರ ಹೇಳ್ತೀನಮ್ಮ,” ಎಂದರು ಆಂಟಿ. “ಅವಳೂ ವಾಪಸ್ ಹೇಳ್ತಾಳೆ. ಸುಳ್ಳಲ್ಲ.”

ಚಾರ್ಜು ಏರಿತು. ಶಸ್ತ್ರಚಿಕಿತ್ಸೆ ಶುರುವಾಯಿತು. “ಮಾದರಿ ಸಂಖ್ಯೆ?” ಓದಿದರು. “ಡಬ್ಬದ ಮೇಲಿರೋದೂ ಅದೇನಾ?” “ಡಬ್ಬ ಅಟ್ಟದ ಮೇಲಿದೆ.” “ಹತ್ತಿ!” ಆಂಟಿ ಸ್ಟೂಲು ಹಿಡಿದರು, ಯಜಮಾನರು ಹತ್ತಿದರು, ಧೂಳಿಗೆ ಸೀನಿದರು, ಸಂಖ್ಯೆ ಹೊಂದಿತು. “ಕೇಬಲ್?” “ಭದ್ರ.” “ಫರ್ಮ್‌ವೇರ್ ಫೈಲಿನ ಹೆಸರು, ಆವೃತ್ತಿ? ಇನ್ನೊಂದ್ಸಲ ಓದಿಬಿಡಿ.” ಗಿರಾಕಿಗಳಿಗೆ ತಾವು ಹೇಳುವ ಮಾತನ್ನೇ ಕೇಳಿಸಿಕೊಂಡು ಯಜಮಾನರು ಬಾಲ ಮುದುರಿ ಮತ್ತೆ ಓದಿದರು. “ಹೂಂ. ಈಗ ಒತ್ತಿ.”

ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಪಟ್ಟಿ ಆಮೆಯ ಹಾಗೆ ತೆವಳಿತು. ಮೂವರೂ ಉಸಿರು ಬಿಗಿಹಿಡಿದರು. ಚಿಹ್ನೆ ಬಂತು. ಹೋಗಲಿಲ್ಲ! ‘ನಿಮ್ಮ ಭಾಷೆ ಯಾವುದು?’ ಎಂದು ಫೋನು ಕೇಳಿದಾಗ ಯಜಮಾನರು ಅದನ್ನು ಎದೆಗೊತ್ತಿಕೊಂಡರು. ಆಂಟಿ ಕೊಡೆಯನ್ನು ತಲೆಯ ಮೇಲೆ ತಿರುಗಿಸಿದರು.

“ಬಿಡ್ಬೇಡಿ, ಆ ಜಿಪುಣ ಮೇಸ್ತ್ರಿಯನ್ನೂ ಕೂರಿಸೇಬಿಡಿ,” ಎಂದಳು ಹೆಂಡತಿ. “ನಾನಿದೀನಲ್ಲ.” ಈ ಸಲ ಸರಿಯಾದ ಫೈಲು, ಹೂಂ ಎಂದ ಮೇಲೆಯೇ ಬಟನ್ನು. ಕರ್ನಲ್ ಸದ್ದಿಲ್ಲದೆ ಬಂದು ಗದ್ದುಗೆ ಏರಿದ. ಹೆಂಡತಿ “ಶಭಾಷ್” ಎನ್ನುವಷ್ಟರಲ್ಲಿ ಗೊಟಕ್! ಈ ಸಲ ಸತ್ತದ್ದು ಆಂಟಿಯ ಫೋನು.

ಮರುದಿನ ಯಜಮಾನರ ಕಾಲು ನೆಲದ ಮೇಲಿರಲಿಲ್ಲ. ಜಿಪುಣನೆಂದರೆ ಇವನಪ್ಪ ಜಿಪುಣ! ಬೆಳಿಗ್ಗೆ ತುಂಬಿಸಿದ ಚಾರ್ಜು ಸಂಜೆಯಾದರೂ ಮುಕ್ಕಾಗಿರಲಿಲ್ಲ. ಗಿರಾಕಿಗಳಿಗೆಲ್ಲ ತೋರಿಸಿದ್ದೂ ತೋರಿಸಿದ್ದೇ. ಇನ್ನು ಮಾತಿನ ಸಮುದ್ರಕ್ಕೆ ಅಡ್ಡಗಟ್ಟೆ ಇಲ್ಲ! ಮುಖ ತೊಳೆದು, ತಲೆ ಬಾಚಿ, ಮದುಮಗನಂತೆ ಕೂತು ಕಾದರು. ಫೋನು ಬಂತು.

“ಊಟ ಆಯ್ತಾ?”

“ಆಯ್ತು. ನಿಂದು?”

“ಆಯ್ತು. ಮತ್ತೆ?”

“ಮತ್ತೆ ನೀನೇ ಹೇಳು.”

ಯಜಮಾನರು ಕಾದರು. ಫೋನು ಸಾಯಲಿಲ್ಲ. ಹೆಂಡತಿಯೂ ಕಾದಳು. ಫೋನು ಗುಂಡುಕಲ್ಲಿನ ಹಾಗೆ ಬದುಕಿತ್ತು. ಯಜಮಾನರು ಸಮುದ್ರಕ್ಕೆ ಕೈಹಾಕಿ ತಡಕಾಡಿದರು. ಒಂದು ಚಮಚ ನೀರು ಸಿಗಲಿಲ್ಲ. ಕರ್ನಲ್ಲಿನ ಮಾತು ಬಂದ ಆ ಒಂದು ಸಂಜೆ ಬಿಟ್ಟರೆ, ಇಷ್ಟು ದಿನವೂ ಮಾತು ಮುಗಿದ ಮೇಲೆಯೇ ಫೋನು ಸಾಯುತ್ತಿತ್ತು ಎಂಬುದು ಆಗ ಅವರಿಗೆ ಗೊತ್ತಾಯಿತು. ಸತ್ತು ಸತ್ತು ಇಬ್ಬರ ಮರ್ಯಾದೆಯನ್ನೂ ಕಾಪಾಡುತ್ತಿತ್ತು ಅದು, ಪಾಪ! ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು, ಅದರ ಹಿಂದೆಯೇ ಹೆದರಿಕೆಯೂ ಆಯಿತು.

“ಕಟ್ಟಾಯ್ತಾ?” ಎಂದಳು ಹೆಂಡತಿ.

“ಇಲ್ಲ ಕಣೇ. ಇನ್ನು ಆಗೋದೂ ಇಲ್ಲ.”

“ಓ.” ಆಮೇಲೆ ಆಕೆ ಆಸೆಯಿಂದ, ತುಸು ಸಂಕೋಚದಿಂದ ಕೇಳಿದಳು: “ಇವತ್ತೇನೂ ಕೆಡಿಸ್ಲಿಲ್ವಾ ನೀವು?”

ಯಜಮಾನರು ಗಡಬಡಿಸಿ ಮನೆಯೆಲ್ಲ ಕಣ್ಣಾಡಿಸಿದರು. ಮೂಲೆಯಲ್ಲಿ, ತನ್ನ ಪಾಡಿಗೆ ತಾನು, ಇಸ್ತ್ರಿಪೆಟ್ಟಿಗೆ ಕೂತಿತ್ತು.

“ಈ ಇಸ್ತ್ರಿಪೆಟ್ಟಿಗೆ... ಯಾಕೋ ಸರಿಯಾಗಿ ಕಾಯ್ತಿಲ್ಲ ಅನ್ಸುತ್ತೆ.”

“ಹೌದಾ? ಬಿಚ್ಚಿದ್ರಾ?”

“ಇನ್ನೂ ಇಲ್ಲ. ಇರು, ಸ್ಕ್ರೂಡ್ರೈವರ್ ತರ್ತೀನಿ.”

“ಅಯ್ಯೋ ನಿಮ್ಮ! ಪ್ಲಗ್ ತೆಗೀರಿ ಮೊದಲು!” ಎಂದು ಹೆಂಡತಿ ಕಿರುಚಿದಳು. ಕುರ್ಚಿ ಎಳೆದುಕೊಂಡು ಕೂತ ಸದ್ದೂ ಕೇಳಿಸಿತು. “ಹೂಂ, ಈಗ ಹೇಳಿ, ಏನೇನು ಕಾಣ್ತಿದೆ?”