ಹದಿನೆಂಟನೆಯ ಚೆಂಬು

ರೇಣುಕಯ್ಯ ಮೇಷ್ಟರಿಗೆ ಆ ದಿನ ಒದಗಿದ ಫಜೀತಿಗೆಲ್ಲ ಮೂಲ, ನಶ್ಯದ ಡಬ್ಬಿಯಷ್ಟು ಚಿಕ್ಕದಾದ ಒಂದು ತಗಡಿನ ಡಬ್ಬಿ. ಅದರೊಳಗೆ ಇದ್ದದ್ದು ನೇರಳೆ ಬಣ್ಣದ ಹರಳು. ಗೌಡಗೆರೆ ಹೋಬಳಿಯಲ್ಲಿ ನಾರುಹುಣ್ಣು ಹೆಚ್ಚಿದೆ, ಆದುದರಿಂದ ಕುಡಿಯುವ ನೀರಿನ ಪರೀಕ್ಷೆಯನ್ನು ಶಾಲೆಯ ಮಕ್ಕಳಿಗೆ ಕಲಿಸತಕ್ಕದ್ದು ಎಂದು ಮೇಲಿನಿಂದ ಹುಕುಂ ಬಂದಿತ್ತು. ಪರೀಕ್ಷೆ ಸುಲಭ. ನೀರಿಗೆ ಒಂದು ಹರಳು ಹಾಕಬೇಕು. ಕೆಂಪು ಬಣ್ಣ ನಿಂತರೆ ನೀರು ಶುದ್ಧ. ಬಣ್ಣ ಮಾಸಿ ಕಂದು ಬಣ್ಣಕ್ಕೆ ತಿರುಗಿದರೆ ಕೊಳಕು.

ಪಾಠವನ್ನು ನೋಡಲು ಮಧ್ಯಾಹ್ನ ಇನ್ಸ್‌ಪೆಕ್ಟರ್ ಶಂಕರಲಿಂಗಪ್ಪನವರು ಬರುವವರಿದ್ದರು. ಶಿರಾಕ್ಕೆ ವರ್ಗ ಕೇಳಿ ಮೇಷ್ಟರು ಬರೆದ ಅರ್ಜಿ ಅವರ ಕೈಯಲ್ಲೇ ಇತ್ತು. ಹಿಂದಿನ ವರ್ಷ ಮೂರು ವರ್ಷದ ಮಗಳನ್ನು ಶಿವನು ಕರೆಸಿಕೊಂಡ ಮೇಲೆ, ಹೆಂಡತಿ ಸಿದ್ದಗಂಗಮ್ಮ ಒಮ್ಮೆಯೂ ನಕ್ಕಿರಲಿಲ್ಲ. ಶಿರಾ ಅವಳ ತವರು. ಅಕ್ಕತಂಗಿಯರ ನಡುವೆ ಇದ್ದರೆ ಒಂದಿಷ್ಟು ನಕ್ಕಾಳು ಎಂಬುದೊಂದೇ ಮೇಷ್ಟರ ಆಸೆ.

ಸಾಹೇಬರ ಮುಂದೆ ತಪ್ಪದಿರಲೆಂದು ಬೆಳಿಗ್ಗೆಯೇ ಒಮ್ಮೆ ಮಾಡಿ ನೋಡಲು ನಿಶ್ಚಯಿಸಿ, ಮನೆಗೊಂದು ಚೆಂಬು ಕುಡಿಯುವ ನೀರು ತರಿಸಿದರು. ಹದಿನೆಂಟು ಚೆಂಬು ಬಂದವು. ಊರಿಗೆಲ್ಲ ಇದ್ದದ್ದು ಒಂದೇ ಬಾವಿ. ಒಂದೊಂದರಿಂದಲೂ ಬಟ್ಟಲಿಗೆ ಸ್ವಲ್ಪ ಸುರಿದು ಹರಳು ಹಾಕಿದರು. ಮಗ್ಗಿ ಹೇಳಿ ಮುಗಿಸುವಷ್ಟರಲ್ಲಿ ಹದಿನೇಳು ಬಟ್ಟಲು ಹುಣಿಸೆ ರಸದಂತಾದವು. ಲಕ್ಕಮ್ಮನ ಮನೆಯದು ಮಾತ್ರ ದಾಸವಾಳದ ಹಾಗೆ ಕೆಂಪಗೆ ನಿಂತಿತು.

ಮಕ್ಕಳು ಈ ಸುದ್ದಿ ಮುಟ್ಟಿಸಲು ಗಂಟೆ ಹೊಡೆಯುವವರೆಗೆ ಕಾಯಲಿಲ್ಲ. ಪಟೇಲರ ಹೆಂಡತಿ ನರಸಮ್ಮ ಹೆಂಗಸರ ದಂಡು ಕಟ್ಟಿಕೊಂಡು ಬಂದಳು.

"ಏನ್ ಮೇಷ್ಟ್ರೇ, ನಮ್ಮನೆ ನೀರು ಕೊಳಕು, ಲಕ್ಕಮ್ಮನ ಮನೇದು ಸುದ್ಧ ಅಂದ್ರಂತೆ?"

"ನಾನಲ್ಲಮ್ಮ, ಮದ್ದು ಹೇಳ್ತು."

"ಮದ್ದಿಗೇನ್ ಗೊತ್ತು? ಆಯಮ್ಮ ಬಿಂದಿಗೆ ಬೆಳಗಿ ಯಾವ ಕಾಲಾಯ್ತೋ."

ಲಕ್ಕಮ್ಮ ಆಗಲೇ ಬಂದು ಜಗಲಿಯ ಮೇಲೆ ಕುಳಿತಿದ್ದಳು. ಬಾಗಿಲಿಗೆ ಬಂದ ಜಂಗಮನಿಗೂ 'ಮುಂದಿನ ಮನೆ ನೋಡಪ್ಪ' ಅನ್ನುವ ಹೆಂಗಸು.

"ಬೆಳಗ್ದಿದ್ರೂ ಕೆಂಪಗೈತಲ್ಲ ಕಣಮ್ಮಿ," ಅಂದಳು. "ಮನಸು ಚೆಂದಾಗಿದ್ರೆ ನೀರೂ ಚೆಂದಾಗಿರ್ತದೆ."

ಜುಟ್ಟು ಹಿಡಿಯುವುದೊಂದು ಬಾಕಿ ಉಳಿಯಿತು. ಮೇಷ್ಟರು ದಿಕ್ಕು ತೋಚದೆ, ಒಣಗಿದ ಗಂಟಲಿಗೆ ನರಸಮ್ಮನ ಚೆಂಬನ್ನೇ ಎತ್ತಿ ಒಂದು ಗುಟುಕು ಕುಡಿದರು. ಪಾನಕದಷ್ಟು ಸಿಹಿ.

"ಅಮ್ಮ, ಇದಕ್ಕೆ ಬೆಲ್ಲ ಹಾಕಿದೀರಾ?"

"ಹಾಕ್ದೆ ಇರ್ತೀವಾ? ಮೇಷ್ಟ್ರು ಬಾಯ್ಬುಟ್ಟು ನೀರು ಕೇಳವ್ರೆ, ಬರೀ ನೀರು ಕಳಿಸೋಕೆ ನಾವೇನ್ ಲಕ್ಕಮ್ಮನಾ?"

ಕೇಳಿದವರಿಗೆ ಬೆಲ್ಲವಿಲ್ಲದೆ ನೀರು ಕೊಡುವುದು ಆ ಸೀಮೆಯಲ್ಲಿ ಮುಖದ ಮೇಲೆ ಕದ ಹಾಕಿದಂತೆ. ಬೆಲ್ಲ ಬೆರೆತರೆ ಈ ಮದ್ದಿನ ಬಣ್ಣ ಉಳಿಯುವುದಿಲ್ಲ. ಮೇಷ್ಟರು ಹದಿನೇಳು ಮನೆಗೂ ತಾವೇ ಓಡಿದರು. "ಮಧ್ಯಾಹ್ನಕ್ಕೆ ಬರಿಯ ನೀರು ಕಳಿಸಿ ತಾಯಿ. ಬೆಲ್ಲ ಬೇಡ."

"ಸಾಹೇಬ್ರ ಮುಂದಕ್ಕೆ ಬರೀ ನೀರಾ? ಊರ ಮಾನ ಏನಾಗ್ಬೇಕು?" ಅಂದಳು ಓಬಳಮ್ಮ.

"ನೀರು ಕೆಂಪಗೆ ಕಂಡರೇ ಊರ ಮಾನ ಕಣಮ್ಮ."

ಈ ಒಂದು ಮಾತನ್ನು ಅವರು ಆಡಬಾರದಾಗಿತ್ತು. ಇನ್ನು ಲಕ್ಕಮ್ಮನ ಮನೆಗೆ ಹೋಗುವ ಅಗತ್ಯವೇ ಅವರಿಗೆ ಕಾಣಲಿಲ್ಲ.

ಇನ್ಸ್‌ಪೆಕ್ಟರು ಗಾಡಿಯಿಂದ ಇಳಿದಾಗ, ಮುತ್ತುಗದ ಎಲೆ ಮುಚ್ಚಿದ ಹದಿನೆಂಟು ಚೆಂಬುಗಳು ಪಂಕ್ತಿಗೆ ಕುಳಿತವರಂತೆ ಸಾಲಾಗಿದ್ದವು. ಅವರು ಮೊದಲನೆಯ ಎಲೆ ಎತ್ತಿದರು. ನೀರು ಕೆಂಪಗಿತ್ತು. ಎರಡನೆಯದು ಇನ್ನೂ ಕೆಂಪು. ಮೂರನೆಯದು ರಕ್ತದಂತಿತ್ತು. ಮೇಷ್ಟರಿಗೆ ಅರಿಸಿನದ ವಾಸನೆ ಮೂಗಿಗೆ ಬಡಿಯಿತು. ಅರಿಸಿನಕ್ಕೆ ಸುಣ್ಣ ಕಲಸಿದ ಓಕುಳಿ. ಮದುಮಕ್ಕಳಿಗೆ ಆರತಿ ಎತ್ತುವ ನೀರು. ಕಿಟಕಿಯ ಹೊರಗೆ ನರಸಮ್ಮ ಹೇಗಿದೆ ಎನ್ನುವಂತೆ ಹುಬ್ಬು ಹಾರಿಸಿದಳು.

"ಓಹೋ, ಮದ್ದು ಆಗಲೇ ಹಾಕಿದ್ದೀರಿ," ಅಂದರು ಸಾಹೇಬರು. ಅವರಿಗೆ ಬಲವಾದ ನೆಗಡಿ. "ಎಷ್ಟು ಹೊತ್ತಾಯಿತು?"

ಮೇಷ್ಟರು ನಿಜ ಹೇಳಲೆಂದೇ ಬಾಯಿ ತೆರೆದರು. ಆಗ ಸಾಹೇಬರ ಕೋಟಿನ ಜೇಬಿನಿಂದ ಇಣುಕುತ್ತಿದ್ದ ತಮ್ಮ ಅರ್ಜಿ ಕಾಣಿಸಿತು.

"ಒಂದು ಗಂಟೆ ಸ್ವಾಮಿ," ಅಂದುಬಿಟ್ಟರು.

"ಒಂದು ಗಂಟೆಯಾದರೂ ಬಣ್ಣ ಕದಲಿಲ್ಲ. ಮದಲೂರಿನ ಶಾಲೆಯಲ್ಲೂ ಇಂಥ ನೀರು ನೋಡಲಿಲ್ಲ ನಾನು." ಹದಿನೇಳೂ ಮುಗಿಸಿ ಕೊನೆಯ ಎಲೆ ಎತ್ತಿದರು. "ಇದೊಂದಕ್ಕೆ ಮದ್ದು ಮರೆತಿದ್ದೀರಿ."

ಅದು ಲಕ್ಕಮ್ಮನದು. ಮೇಷ್ಟರಿಗೆ ಹೋದ ಜೀವ ಬಂದಂತಾಯಿತು. ಸಾಹೇಬರು ಸ್ವಂತ ಕೈಯಿಂದ ಹರಳು ಹಾಕಿ, ಎಲೆ ಅಡಿಕೆ ಮಡಿಸಿ ಅಗಿಯುತ್ತ ಕುಳಿತರು. ಎಲೆ ಅಡಿಕೆ ಮುಗಿಯುವಷ್ಟರಲ್ಲಿ ನೀರು ಕೆರೆಯ ಬಗ್ಗಡದ ಬಣ್ಣಕ್ಕೆ ತಿರುಗಿತು.

ಮೇಷ್ಟರು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಬೆಲ್ಲ. ಆದರೆ ಬೆಲ್ಲದ ಕಥೆ ಎತ್ತಿದರೆ ಅರಿಸಿನದ ಕಥೆಯೂ ಹೊರಬೀಳುತ್ತದೆ. ಬೆರಳನ್ನು ಪಂಚೆಗೆ ಒರೆಸಿಕೊಂಡರು.

ಸಾಹೇಬರು ಭೇಟಿಯ ಪುಸ್ತಕದಲ್ಲಿ ಬರೆದರು: 'ಹದಿನೇಳು ಮನೆಯ ನೀರನ್ನು ಇಷ್ಟು ಶುದ್ಧಗೊಳಿಸಿದ ಉಪಾಧ್ಯಾಯರು ಹದಿನೆಂಟನೆಯದನ್ನೂ ತಿದ್ದಬಲ್ಲರು. ಅದಾಗುವವರೆಗೆ ಇವರನ್ನು ಇಲ್ಲಿಂದ ಕದಲಿಸಕೂಡದು.' ಅರ್ಜಿಯನ್ನು ಮಡಿಸಿ ಅದೇ ಪುಟದಲ್ಲಿಟ್ಟು ಗಾಡಿ ಹತ್ತಿದರು.

ಸಂಜೆ ಮೇಷ್ಟರು ತಮ್ಮ ಮನೆಯ ಹಜಾರದಲ್ಲಿ ಕುಳಿತು, ನಡೆದದ್ದನ್ನೆಲ್ಲ ಸಿದ್ದಗಂಗಮ್ಮನಿಗೆ ತಗ್ಗಿದ ದನಿಯಲ್ಲಿ ಒಪ್ಪಿಸಿದರು. ಅವಳು ದೀಪದ ಬತ್ತಿ ಹೊಸೆಯುತ್ತ ಕೇಳಿದಳು. ಅಷ್ಟರಲ್ಲಿ ಲಕ್ಕಮ್ಮ ಚೆಂಬು ಹಿಡಿದು ಒಳಗೆ ಬಂದಳು.

"ತಪ್ಪಾತು ಮೇಷ್ಟ್ರೇ. ನನ್ನ ನೀರೊಂದೇ ಸುದ್ಧ ಅಂದ್ರಲ್ಲ, ಮನಸು ತುಂಬಿ ಬಂತು. ಹುಟ್ಟಿದಾಗ್ನಿಂದ ಯಾರಿಗೂ ಹಾಕ್ದೋಳಲ್ಲ, ಎರಡಚ್ಚು ಬೆಲ್ಲ ಹಾಕ್ಬುಟ್ಟೆ. ಊರೋರೆಲ್ಲ ಲಕ್ಕಮ್ಮ ಬೆಲ್ಲ ಕೊಟ್ಲು ಅಂತ ಹೊಗಳ್ತಾವ್ರೆ. ಇನ್ಮ್ಯಾಕೆ ನಮ್ಮನೆ ನೀರು ಬೆಲ್ಲ ಇಲ್ದೆ ಹೊಸಲು ದಾಟಾಕಿಲ್ಲ, ಈಸ್ವರನಾಣೆ. ತಕಳಿ, ಕುಡೀರಿ."

ಆ ಆಣೆಯೊಂದಿಗೆ ಶಿರಾದ ದಾರಿ ಶಾಶ್ವತವಾಗಿ ಮುಚ್ಚಿತು. ಮೇಷ್ಟರು ಚೆಂಬು ಹಿಡಿದು ಹೆಂಡತಿಯ ಕಡೆ ನೋಡಿದರು. ಅವಳು ಗೋಡೆಗೆ ಮುಖ ಮಾಡಿ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು, ಭುಜಗಳು ಅದುರುತ್ತಿದ್ದವು. ಅಳುತ್ತಿದ್ದಾಳೆಂದು ಗಾಬರಿಯಿಂದ ಹತ್ತಿರ ಹೋದರು.

ಅಳುತ್ತಿರಲಿಲ್ಲ. ಮತ್ತೊಂದು ಅರ್ಜಿ ಬರೆಯಲು ಮೇಷ್ಟರಿಗಿದ್ದ ಒಂದೇ ಕಾರಣವೂ ಹಾಗೆ ಕೈತಪ್ಪಿತು.